ಬೆನ್ನ ಕಡೆಯಿಂದ ಬರುವ ನರ್ಸ್

ಮೇಘಮಲೆಯ ಹಿಂದಿನ ಬೆಳಕು ಇನ್ನೂ ಕಣಿವೆಗೆ ಇಳಿದಿಲ್ಲ. ಓಡೈಪಟ್ಟಿಯ ರಸ್ತೆಯಲ್ಲಿ ಖಾಲಿ ಕ್ರೇಟುಗಳನ್ನು ಹೇರಿಕೊಂಡ ಮಿನಿ ಲಾರಿಯೊಂದು ದ್ರಾಕ್ಷಿ ತೋಟಗಳ ಕಡೆಗೆ ಗಡಗಡನೆ ಹೋಗುತ್ತದೆ. ‘ಕೂಡು’ ಎಂಬ ಹೆಸರಿನ ವೃದ್ಧರ ಆರೈಕೆ ಮನೆಯಲ್ಲಿ, ಗಂಡಸರ ಸಾಲಿನ ಕೊನೆಯ ಕೋಣೆಯ ಮುಂದೆ ನರ್ಸ್ ಇಂದುಜಾ ಚಪ್ಪಲಿ ಕಳಚುತ್ತಾಳೆ. ಯೂನಿಫಾರ್ಮಿನ ಮೇಲಿನ ಬಿಳಿ ದುಪಟ್ಟಾವನ್ನು ತಲೆಯ ಮೇಲೆ ಎಳೆದು ಪಿನ್ನು ಹಾಕುತ್ತಾಳೆ. ಕೈ ತೊಳೆದು ಗ್ಲೌಸ್ ಹಾಕಿಕೊಂಡು, ಸ್ಟೀಲ್ ಟ್ರೇಯ ಅಂಚಿಗೆ ಇಕ್ಕಳವನ್ನು ಮೆಲ್ಲಗೆ ಬಡಿಯುತ್ತಾಳೆ. ಟಿಣ್, ಟಿಣ್.

ಒಳಗಿನಿಂದ ಒಂದು ಕೆಮ್ಮು ಕೇಳುತ್ತದೆ. ಅದು ಕೇಳಿದ ಮೇಲೆಯೇ ಅವಳು ಹೊಸ್ತಿಲು ದಾಟುವುದು.

ಮಂಚದ ಮೇಲೆ ಎಂಬತ್ತು ದಾಟಿದ ರಾಮರ್ ಕಿಟಕಿಯ ಕಡೆ ಮುಖ ಮಾಡಿ ಮಗ್ಗುಲಾಗಿ ಮಲಗಿದ್ದಾರೆ. ಬಾಗಿಲಿಗೆ ಅವರ ಬೆನ್ನು. ಮಂಚದ ತಲೆದೆಸೆಯಲ್ಲಿ ಆರೈಕೆ ಆಳು ಮೂಕಯ್ಯ ನಿಂತಿದ್ದಾರೆ.

“ಸೊಸೆ ಬಂದೈತೆ ಐಯಾ,” ಎನ್ನುತ್ತಾರೆ ಮೂಕಯ್ಯ.

“ತಿಳೀತು. ರಾತ್ರಿ ಒಳ್ಳೆ ನಿದ್ದೆ ಬಂತು ಅಂತ ಏಳು.”

“ಒಳ್ಳೆ ನಿದ್ದೆಯಂತೆ ಸಿಸ್ಟರ್.”

“ಕಾಲಿನ ಕೆಳಗಿನ ದಿಂಬು ಜಾರಿತ್ತಾ ಕೇಳಿ ಅಣ್ಣಾ,” ಎಂದು ಇಂದುಜಾ ತಗ್ಗಿದ ದನಿಯಲ್ಲಿ ಹೇಳುತ್ತಾಳೆ.

“ದಿಂಬು ಜಾರಿತ್ತಾ ಐಯಾ?”

“ಅವಳು ಕೇಳಿದ್ದು ನನಗೂ ಕೇಳ್ತು. ಜಾರಿಲ್ಲ.”

“ಜಾರಿಲ್ವಂತೆ ಸಿಸ್ಟರ್.”

ಮೂವರೂ ಒಂದು ತೋಳಿನ ಅಳತೆಯೊಳಗೆ ಇದ್ದಾರೆ. ಇಂದುಜಾ ಬೆನ್ನ ಕೆಳಗಿನ ಮೂಳೆಯ ಮೇಲಣ ಚರ್ಮವನ್ನು ಬೆರಳಿನಿಂದ ಒತ್ತಿ, ಕೆಂಪು ಮಾಯವಾಗಿ ಮತ್ತೆ ಬರುತ್ತದೆಯೇ ಎಂದು ನೋಡುತ್ತಾಳೆ. ಹಿಮ್ಮಡಿ, ಸೊಂಟದ ಎಲುಬು, ಭುಜದ ಹಿಂಭಾಗ, ಎಲ್ಲವನ್ನೂ ಹಾಗೆಯೇ ನೋಡುತ್ತಾಳೆ. ಹಾಸಿಗೆಯ ಸುಕ್ಕು ಎಳೆದು ಸರಿಮಾಡಿ, ಬಂದ ದಾರಿಯಲ್ಲೇ ಹಿಂದಕ್ಕೆ ಹೊರಡುತ್ತಾಳೆ. ರಾಮರ್ ತಿರುಗಿ ನೋಡುವುದಿಲ್ಲ. ಅವಳೂ ಅವರ ಮುಂದೆ ಹೋಗುವುದಿಲ್ಲ.

ರಾಮರ್ ಅವಳ ಗಂಡನ ತಂದೆಯಲ್ಲ. ಐದು ತಿಂಗಳ ಹಿಂದೆ ಈ ಕೆಲಸಕ್ಕೆ ಸೇರುವವರೆಗೆ ಅವಳು ಅವರನ್ನು ಕಂಡವಳೂ ಅಲ್ಲ. ಆದರೂ ಈ ಕೋಣೆಯಲ್ಲಿ ಅವಳು ಸೊಸೆ. ಹಾಗಾದದ್ದು ಅವಳದೇ ಬಾಯಿಂದ, ಕೆಲಸಕ್ಕೆ ಸೇರಿದ ಮೊದಲ ದಿನ.

ಇಂದುಜಾಳ ತವರು ಪಳನಿಯ ಹತ್ತಿರದ ಒಂದು ಹಳ್ಳಿ. ನೂರಾರು ವರ್ಷಗಳ ಹಿಂದೆ ಬಂದು ನೆಲೆ ನಿಂತ ಕನ್ನಡ ಮಾತಿನ ಒಕ್ಕಲು ಮನೆಗಳು ಅಲ್ಲಿಂದ ಕಂಬಂ ಕಣಿವೆಯವರೆಗೆ ಹರಡಿಕೊಂಡಿವೆ. ಶಾಲೆ, ಅಂಗಡಿ, ಆಫೀಸು ಎಲ್ಲ ತಮಿಳಿನಲ್ಲಿ. ಅಡುಗೆಮನೆ, ಕೊಟ್ಟಿಗೆ, ಜಗಳ ಕನ್ನಡದಲ್ಲಿ. ಇಂದುಜಾ ದಿಂಡುಕ್ಕಲ್‌ನಲ್ಲಿ ನರ್ಸಿಂಗ್ ಓದಿ, ಅಲ್ಲಿನದೇ ಒಂದು ಖಾಸಗಿ ಆಸ್ಪತ್ರೆಯ ಶಸ್ತ್ರಚಿಕಿತ್ಸೆ ವಾರ್ಡಿನಲ್ಲಿ ಐದು ವರ್ಷ ದುಡಿದಳು. ಚಿನ್ನಮನೂರಿನ ಬಾಳೆಕಾಯಿ ವ್ಯಾಪಾರಿ ಗೋಕುಲ್ ಜೊತೆ ಮದುವೆಯಾಯಿತು, ಮಗಳು ಹುಟ್ಟಿದಳು, ಕೆಲಸ ಬಿಟ್ಟುಹೋಯಿತು. ಮಗಳು ಶಾಲೆಗೆ ಹೋಗತೊಡಗಿದ ಮೇಲೆ, ಮನೆಯಿಂದ ಸ್ಕೂಟರಿನಲ್ಲಿ ಹೋಗಿಬರಬಹುದಾದ ‘ಕೂಡು’ವಿನಲ್ಲಿ ನರ್ಸ್ ಬೇಕೆಂದು ತಿಳಿದು ಪೊಂಗಲ್ ಮುಗಿದ ವಾರ ಸೇರಿಕೊಂಡಳು.

ಇಪ್ಪತ್ತನಾಲ್ಕು ಜನ ಹಿರಿಯರು. ಅವರಲ್ಲಿ ಆರು ಮಂದಿ ತಾವಾಗಿ ಏಳಲಾರರು. ಒಂಬತ್ತು ಜನಕ್ಕೆ ಸಕ್ಕರೆ ಕಾಯಿಲೆ. ಹಗಲಿಗೆ ಒಬ್ಬಳೇ ನರ್ಸ್. ರಾತ್ರಿಗೆ ಆರೈಕೆ ಆಳುಗಳು ಮಾತ್ರ. ಡಾಕ್ಟರು ವಾರಕ್ಕೆ ಎರಡು ಸಲ ಬಂದು ಹೋಗುತ್ತಾರೆ. ಆಸ್ಪತ್ರೆಯ ಓಟ ನೋಡಿ ಬಂದವಳಿಗೆ ಇದು ಹಗುರವೆನಿಸಿತು. ಮೊದಲ ವಾರ ಅವಳು ಮಾತ್ರೆ, ಸೂಜಿ, ಬಿಪಿ ಎಲ್ಲವನ್ನೂ ಬೆಳಗಿನ ಕಾಫಿಗೆ ಮೊದಲೇ ಮುಗಿಸಿ, ಮುಂದೇನು ಎಂದು ನೋಡುತ್ತ ನಿಂತಳು.

ಮುಂದಿನದನ್ನು ಹೇಳಿಕೊಟ್ಟವರು ಅಳಗಮ್ಮಾಳ್. ಅವರೂ ಕನ್ನಡ ಮಾತಿನ ಮನೆಯವರೇ, ಹೆಂಗಸರ ಸಾಲಿನಲ್ಲಿ ಬಾಗಿಲ ಬಳಿಯ ಮಂಚ ಅವರದು. ಮೊಣಕಾಲು ಕೈಕೊಟ್ಟಿದೆ, ನಾಲಿಗೆ ಕೈಕೊಟ್ಟಿಲ್ಲ. ಒಂದು ದಿನ ಇಂದುಜಾ ಅವರ ತಲೆ ಬಾಚಿ, ಗಂಟು ಹಾಕಿ, ಪಕ್ಕದ ಮಂಚಕ್ಕೆ ನಡೆದಿದ್ದಳು. ತಿರುಗಿ ನೋಡಿದರೆ ಅಳಗಮ್ಮಾಳ್ ಗಂಟು ಬಿಚ್ಚಿ, ಕೂದಲು ಹರಡಿಕೊಂಡು ಕೂತಿದ್ದಾರೆ.

“ಏನು ಕಣ್ಣು, ಬಸ್ಸು ಬಂದ್ಬುಡ್ತಾ?” ಎಂದರು, ಮೊಮ್ಮಗಳನ್ನು ಮುದ್ದಿಗೆ ಕರೆಯುವಂತೆ. “ಬಂದಿದ್ರೆ ಓಗು. ಬಂದಿಲ್ಲಾಂದ್ರೆ ಇನ್ನೊಂದು ಸಲ ಬಾಚು. ನನಗೆ ಇವತ್ತು ಇದೊಂದೇ ಕೆಲಸ ಇರೋದು, ಅದನ್ನೂ ಇಷ್ಟು ಬೇಗ ಮುಗಿಸಿಬುಟ್ಟರೆ ಸಾಯಂಕಾಲದವರೆಗೆ ಏನು ಮಾಡ್ಲಿ?”

ಇಂದುಜಾ ಮತ್ತೆ ಬಾಚಿದಳು. “ಆಸ್ಪತ್ರೇಲಿ ಜನ ವಾಸಿ ಆಗಕ್ಕೆ ಬತ್ತಾರೆ, ಇಲ್ಲಿ ಇರಕ್ಕೆ ಬತ್ತಾರೆ,” ಎನ್ನುತ್ತಾಳೆ ಈಗ. “ಅಲ್ಲಿ ಒಬ್ಬರ ಹತ್ರ ಕೊಂಜ ಹೊತ್ತು ನಿಂತ್ರೆ ಹೆಡ್ ಸಿಸ್ಟರ್ ಬಯ್ಯೋರು. ಇಲ್ಲಿ ನಿಲ್ಲದೆ ಓದ್ರೆ ಇವರು ಬಯ್ತಾರೆ.”

ಇರಲು ಬಂದವರ ಕೈಯಲ್ಲಿ ಹೊತ್ತಿದೆ. ಹೊತ್ತಿರುವವರು ಕೇಳುತ್ತಾರೆ. ಆಸ್ಪತ್ರೆಯಲ್ಲಿ ಐದು ವರ್ಷ ಯಾರೂ ಕೇಳದ ಪ್ರಶ್ನೆಯನ್ನು ರಾಮರ್ ಮೊದಲ ದಿನವೇ ಕೇಳಿದರು: “ಆರ ಮನೆ ಕೂಸು ನೀನು?”

ಈ ಜನರಲ್ಲಿ ಅದು ಸುಮ್ಮನೆ ಕೇಳುವ ಮಾತಲ್ಲ. ಇಬ್ಬರು ಮೊದಲ ಸಲ ಎದುರಾದರೆ ನೀರು ಕೊಡುವ ಮೊದಲೇ ನಂಟು ಹಿಡಿಯುತ್ತಾರೆ. ಗಂಡನ ಮನೆ ಯಾವುದು, ತಾಯಿಯ ಮನೆ ಯಾವುದು, ಯಾರ ಮೊಮ್ಮಗ, ಯಾವ ಊರಿನ ಹೆಣ್ಣು ಎಂದು ನಾಲ್ಕು ಪ್ರಶ್ನೆ ಕೇಳುವಷ್ಟರಲ್ಲಿ ಎದುರಿನವರು ತಮಗೆ ಅಣ್ಣನೋ, ಅಳಿಯನೋ, ಚಿಕ್ಕಮ್ಮನೋ ಎಂಬುದು ಗೊತ್ತಾಗಿಬಿಡುತ್ತದೆ. ಆಮೇಲೆ ಕರೆಯುವ ಬಗೆ, ಕೂರುವ ಬಗೆ, ಹಾಸ್ಯ ಮಾಡಬಹುದೇ ಬಾರದೇ ಎಂಬುದೆಲ್ಲ ಅದರ ಹಿಂದೆ ಬರುತ್ತದೆ. ಇಂದುಜಾ ಮನೆಯಲ್ಲಿ ಕಲಿಸಿದ ಹಾಗೆಯೇ ಒಂದೂ ಬಿಡದೆ ಹೇಳಿದಳು: ಚಿನ್ನಮನೂರು, ಬೆಳ್ಳೆತ್ತಿನ ಮನೆ, ತೀರಿಹೋದ ಅಳಗರ್ ಅವರ ಮಗ ಗೋಕುಲ್‌ನ ಹೆಂಡತಿ.

ರಾಮರ್ ಹೊದಿಕೆಯನ್ನು ಎದೆಯವರೆಗೆ ಎಳೆದುಕೊಂಡು ಗೋಡೆಯ ಕಡೆ ತಿರುಗಿದರು. ಅವರ ಮನೆಯೂ ಬೆಳ್ಳೆತ್ತಿನ ಮನೆಯೂ ಪಂಗಾಳಿಗಳು, ಅಂದರೆ ಒಂದೇ ಬೇರಿನಿಂದ ಕವಲೊಡೆದ ಅಣ್ಣತಮ್ಮಂದಿರ ಮನೆಗಳು. ಲೆಕ್ಕದಲ್ಲಿ ಗೋಕುಲ್‌ನ ತಂದೆ ಅವರಿಗೆ ತಮ್ಮ. ತಮ್ಮನ ಸೊಸೆ ತನಗೂ ಸೊಸೆ.

“ಸೊಸೆಯಾ,” ಎಂದರು ಗೋಡೆಗೆ. “ಅಂಗಾದ್ರೆ ಮೂಕಯ್ಯನ್ನ ಕರಿ.”

ಆ ಪೀಳಿಗೆಯ ಮಾವ ಸೊಸೆಯ ಎದುರು ಮೈ ಬಿಚ್ಚಿ ಕೂರುವುದಿಲ್ಲ. ಸೊಸೆ ಮಾವನ ಎದುರು ನಿಲ್ಲುವುದಿಲ್ಲ, ನೇರ ಮಾತಾಡುವುದಿಲ್ಲ, ಮುಟ್ಟುವುದಂತೂ ಇಲ್ಲ. ಮಾವ ಮನೆಯೊಳಗೆ ಬರುವ ಮೊದಲು ಕೆಮ್ಮುತ್ತಾನೆ, ಸೊಸೆ ಸರಿದು ನಿಲ್ಲುತ್ತಾಳೆ. ಇಂದುಜಾಳಿಗೆ ಇದು ಕೇಳಿ ಗೊತ್ತು, ಬಾಳಿ ಗೊತ್ತಿಲ್ಲ. ಅವಳು ಮದುವೆಯಾಗಿ ಬರುವ ಹೊತ್ತಿಗೆ ಗೋಕುಲ್‌ನ ತಂದೆ ತೀರಿಕೊಂಡಿದ್ದರು. ಆದ್ದರಿಂದ ರಾಮರ್ ಅವಳು ಬಂದಾಗಲೆಲ್ಲ ಕೆಮ್ಮತೊಡಗಿದಾಗ ಅವಳು ಡಾಕ್ಟರಿಗೆ ಹೇಳಿದಳು. ಡಾಕ್ಟರು ಎದೆಗೆ ಸ್ಟೆತಸ್ಕೋಪ್ ಇಟ್ಟು ಸಿರಪ್ ಬರೆದರು. ರಾಮರ್ ಸಿರಪ್ಪನ್ನೂ ಕುಡಿದರು, ಕೆಮ್ಮನ್ನೂ ಬಿಡಲಿಲ್ಲ.

ಅಳಗಮ್ಮಾಳ್ ನಕ್ಕು ನಕ್ಕು ಕಣ್ಣೊರೆಸಿಕೊಂಡರು. “ಅದು ಚಳಿ ಕೆಮ್ಮಲ್ಲ ಕಣ್ಣು, ಮಾವನ ಕೆಮ್ಮು. ಅದಕ್ಕೆ ಯಾವ ಸಿರಪ್ಪೂ ಕೆಲಸ ಮಾಡಕಿಲ್ಲ. ನಮ್ಮ ಮಾವ ಕೆಮ್ಮಿದ್ರೆ ನಾನು ಸುಡುವ ದೋಸೆ ಬುಟ್ಟು ಕೊಟ್ಟಿಗೆಗೆ ಓಡ್ತಿದ್ದೆ.”

ಇದರಲ್ಲೊಂದು ವಿಪರ್ಯಾಸವಿದೆ. ರಾಮರ್ ‘ಕೂಡು’ವಿಗೆ ಬಂದದ್ದೇ ಸೊಸೆಯ ಕೈ ತಪ್ಪಿಸಿಕೊಳ್ಳಲು. ಓಡೈಪಟ್ಟಿಯಲ್ಲಿ ಅವರದು ದ್ರಾಕ್ಷಿ ತೋಟ. ಎರಡು ವರ್ಷದ ಹಿಂದೆ ಚಪ್ಪರದ ತಂತಿ ಬಿಗಿಯಲು ಏಣಿ ಹತ್ತಿ, ಬಿದ್ದು ಸೊಂಟ ಮುರಿಯಿತು. ಆಪರೇಷನ್ ಆಯಿತು, ಆದರೆ ನಡೆಯಲಾಗಲಿಲ್ಲ. ಮಕ್ಕಳಿಬ್ಬರೂ ಒಳ್ಳೆಯವರೇ, ಆದರೆ ಬೆಳಗಾದರೆ ತೋಟದಲ್ಲಿರಬೇಕು. ಮನೆಯಲ್ಲಿ ಉಳಿಯುವವಳು ದೊಡ್ಡ ಸೊಸೆ.

“ನನ್ನ ಹೆಂಡ್ರು ನೀರಿನ ಚೊಂಬ ಕೈಗೆ ಕೊಟ್ರೂ ಅಪ್ಪ ತಕ್ಕಳ್ಳಕಿಲ್ಲ, ಕೆಳಗಿಡು ಅಂತ ಸನ್ನೆ ಮಾಡ್ತಾರೆ,” ಎನ್ನುತ್ತಾರೆ ದೊಡ್ಡ ಮಗ ಪಾಂಡಿಯರಾಜನ್. ಪ್ರತಿ ಶುಕ್ರವಾರ ಬರುವವರು ಅವರು. “ಅವಳು ಬಟ್ಟೆ ಬದಲಾಯಿಸೋದು ಅಂದ್ರೆ ಎಂಗೆ? ಅಪ್ಪನೇ ಏಳಿದ್ರು, ‘ನನಗೆ ನಂಟರಲ್ಲದ ಕೈ ಇರೋ ಜಾಗಕ್ಕೆ ಸೇರಿಸಪ್ಪಾ’ ಅಂತ. ಅದಕ್ಕೇ ಇಲ್ಲಿ ಬುಟ್ಟೆ. ಇಲ್ಲಿ ನೋಡಿದ್ರೆ ಸರ್ಟಿಫಿಕೇಟ್ ಇಟ್ಕಂಡಿರೋ ಸೊಸೆ ಸಿಕ್ಕವಳೆ.”

ಮೊದಲ ತಿಂಗಳು ಇದು ನಗುವ ಮಾತಾಗಿತ್ತು. ಮಾತ್ರೆಯನ್ನು ಅವಳು ಬಾಗಿಲವರೆಗೆ ತರುತ್ತಿದ್ದಳು, ಮೂಕಯ್ಯ ಒಳಗೆ ಕೊಡುತ್ತಿದ್ದರು. ಮಾಸಿ ತಿಂಗಳ ಕೊನೆಗೆ, ಅಂದರೆ ಮಾರ್ಚ್ ನಡುವಿನಲ್ಲಿ, ಸ್ನಾನ ಮಾಡಿಸುವಾಗ, ಬೆನ್ನ ಕೆಳಗಿನ ಮೂಳೆಯ ಮೇಲೆ ಒಂದು ಕೆಂಪು ಗುರುತು ಮೂಕಯ್ಯನ ಕಣ್ಣಿಗೆ ಬಿತ್ತು. ಎರಡು ದಿನದಲ್ಲಿ ಚರ್ಮ ಒಡೆಯಿತು. ಅಲುಗಾಡದೆ ಒಂದೇ ಬಗೆಯಲ್ಲಿ ಮಲಗುವವರಿಗೆ ಬರುವ ಹುಣ್ಣು ಅದು. ಮೇಲೆ ಎಲೆಯಷ್ಟು ಕಂಡರೂ ಒಳಗೆ ಬೇರಿನಂತೆ ಇಳಿಯುತ್ತದೆ. ತೊಳೆದು ಕಟ್ಟುವುದು ಕಲಿತವರ ಕೆಲಸ. ಹಿಂದೆ ಇದ್ದ ಗಂಡು ನರ್ಸ್ ಕೊಯಮತ್ತೂರಿಗೆ ಹೋಗಿ ಆಗಿತ್ತು. ಇದ್ದವಳು ಇಂದುಜಾ ಒಬ್ಬಳೇ.

“ಪುಣ್ಣು ಒಳಗೆ ಓಗೋದಾದ್ರೆ ಓಗ್ಲಿ,” ಎಂದರು ರಾಮರ್. “ಸೊಸೆ ಕೈಗೆ ಬೆನ್ನ ಬಿಚ್ಚಕಿಲ್ಲ.”

ಅವಳು ಬಾಗಿಲ ಹೊರಗೆ ನಿಂತು ಒಂದೊಂದಾಗಿ ಹೇಳಿಕೊಟ್ಟಳು, ಮೂಕಯ್ಯ ಒಳಗೆ ಮಾಡಿದರು. ಸಲೈನ್ ಸುರಿಯಿರಿ, ಉಜ್ಜಬೇಡಿ, ಒತ್ತಿ ಒರೆಸಿ. ಮೂಕಯ್ಯನ ಮನೆಮಾತು ತಮಿಳು, ಕನ್ನಡ ಇವರ ನಡುವೆ ಇದ್ದು ಕಲಿತದ್ದು. ಹನ್ನೆರಡು ವರ್ಷದಿಂದ ಮುದುಕರನ್ನು ಎತ್ತಿ ಇಳಿಸಿದ ಕೈಗಳು ಅವರವು. ಆದರೆ ಹುಣ್ಣು ಹಾಸಿಗೆಗೆ ತಗಲುವುದನ್ನು ಕಂಡು ಅವರಿಗೆ ತಡೆಯಲಾಗಲಿಲ್ಲ. ಹೇಳದೆ ಕೇಳದೆ, ನೀರಿನ ಕೊಡದ ಕೆಳಗೆ ಇಡುವ ಸಿಂಬಿಯ ಹಾಗೆ ಹಳೆಯ ಪಂಚೆಯನ್ನು ಸುತ್ತಿ, ಅದರ ಮೇಲೆ ರಾಮರ್ ಅವರನ್ನು ಮಲಗಿಸಿದರು. ಹುಣ್ಣಿಗೇನೋ ಹಾಸಿಗೆ ತಗಲಲಿಲ್ಲ. ಸಿಂಬಿ ಸುತ್ತಲಿನ ಚರ್ಮವನ್ನು ಒತ್ತಿ ರಕ್ತ ಓಡದ ಹಾಗೆ ಮಾಡಿತು. ಡಾಕ್ಟರು ಬರುವ ಹೊತ್ತಿಗೆ ಹುಣ್ಣು ಎರಡರಷ್ಟಾಗಿತ್ತು.

“ಕೊಡಕ್ಕೆ ಒಳ್ಳೇದಾದ್ದು ಮನುಸನಿಗೂ ಒಳ್ಳೇದು ಅಂದ್ಕಂಡೆ,” ಎಂದು ಮೂಕಯ್ಯ ಇವತ್ತಿಗೂ ತಲೆ ತಗ್ಗಿಸುತ್ತಾರೆ.

ಡಾಕ್ಟರು ಒಂದು ವಾರ ಕೊಟ್ಟರು. ಅಷ್ಟರಲ್ಲಿ ಹಿಡಿತಕ್ಕೆ ಬಾರದಿದ್ದರೆ, ಜ್ವರ ಬಂದರೆ, ತೇನಿಯ ಆಸ್ಪತ್ರೆಗೆ ಸೇರಿಸಬೇಕು. ‘ಕೂಡು’ವಿನ ಮ್ಯಾನೇಜರ್ ಕಾರ್ತಿಕೇಯನ್ ಉಳಿದದ್ದನ್ನು ಹೇಳಿದರು. ಆಳವಾದ ಹುಣ್ಣಿರುವವರನ್ನು ಇಟ್ಟುಕೊಳ್ಳುವ ಸೌಕರ್ಯ ಇಲ್ಲಿಲ್ಲ. ಆಸ್ಪತ್ರೆಗೆ ಹೋದ ಮೇಲೆ ರಾಮರ್ ಮತ್ತೆ ಇಲ್ಲಿಗೆ ಬರುವುದಲ್ಲ, ಮನೆಗೆ ಹೋಗಬೇಕು. ಮನೆಗೆ ಎಂದರೆ ದೊಡ್ಡ ಸೊಸೆಯ ಕೈಗೆ. ಮತ್ತೆ ಇಂದುಜಾ ಇನ್ನೂ ಪರೀಕ್ಷೆಯ ಅವಧಿಯಲ್ಲಿದ್ದಾಳೆ. ರೋಗಿ ಮುಟ್ಟಗೊಡದ ನರ್ಸನ್ನು ಮುಂದುವರಿಸುವುದು ಹೇಗೆಂದು ಆಡಳಿತದವರು ಕೇಳಿದರೆ ತನ್ನ ಬಳಿ ಉತ್ತರವಿಲ್ಲ.

ಅವರು ಇದನ್ನೆಲ್ಲ ತಮಿಳಿನಲ್ಲಿ, ಸಿಟ್ಟಿಲ್ಲದೆ ಹೇಳಿದರು. ಇಂದುಜಾ ಸಿಟ್ಟಿಲ್ಲದೆ ಕೇಳಿಸಿಕೊಂಡು ನೇರವಾಗಿ ಕೊನೆಯ ಕೋಣೆಯ ಬಾಗಿಲಿಗೆ ಹೋದಳು.

“ತಾತಾ, ನಾನು ನರ್ಸು. ಯೂನಿಫಾರ್ಮ್ ಆಕಿದ್ರೆ ನನಗೆ ಮನೆ ಇಲ್ಲ, ನಂಟು ಇಲ್ಲ.”

ಗೋಡೆಯ ಕಡೆಯಿಂದ ಉತ್ತರ ಬಂತು. “ಮೂಕಯ್ಯಾ, ಅವಳಿಗೆ ಏಳು. ನರ್ಸು ಅಂತ ಬಂದು ನಿಂತಿದ್ರೆ ನರ್ಸೇ. ಅವಳೇ ಬಾಯಿ ಬುಟ್ಟು ಮನೆ ಎಸರು ಏಳಿದ್ಲು. ಏಳಿದ್ದ ಕೇಳ್ಬುಟ್ಟೆ. ಇನ್ನ ಕೇಳದಂಗೆ ಇರಕ್ಕಾಗಕಿಲ್ಲ.”

ಅಳಗಮ್ಮಾಳ್ ಗಾಲಿಕುರ್ಚಿಯಲ್ಲಿ ಸಹಾಯಕ್ಕೆ ಬಂದರು. ರಾತ್ರಿಯೆಲ್ಲ ಲೆಕ್ಕ ಹಾಕಿ ನಂಟನ್ನು ಇನ್ನೊಂದು ದಾರಿಯಿಂದ ಹಿಡಿದಿದ್ದರು. ಕೋಣೆಯ ಹೊರಗಿನಿಂದಲೇ ಕೂಗಿ ಹೇಳಿದರು. “ಕೇಳಪ್ಪಾ ರಾಮರ್. ಈ ಕೂಸಿನ ತಾಯಿ ಪಳನಿ ಕಡೆಯವಳು. ನಿನ್ನ ಹೆಂಡ್ರು ಸತ್ತಳಲ್ಲ, ಅವಳ ತಾಯಿ ಮನೇನೂ ಪಳನಿ ಕಡೆ. ಎರಡೂ ಒಂದೇ ಮನೆ ಹೆಣ್ಣುಗಳು, ಅಕ್ಕ ತಂಗಿ ಆಯ್ತಾರೆ. ಅಂಗಾದ್ರೆ ನೀನು ಇವಳಿಗೆ ಚಿಕ್ಕಪ್ಪ. ಇವಳು ಮಗಳು. ಮಗಳು ತಂದೆ ಬೆನ್ನ ತೊಳೀಬೌದು ತಾನೇ?”

ಒಳಗಿನಿಂದ ರಾಮರ್ ಹೇಳಿದರು: “ಇವಳು ನನಗೆ ಮಗಳಾದ್ರೆ ಗೋಕುಲ್‌ಗೆ ಏನಾದ್ಲು?”

ಪಂಗಾಳಿಯ ಮಗಳು ಪಂಗಾಳಿಯ ಮಗನಿಗೆ ತಂಗಿ.

“ನನ್ನ ಒಂದು ಪುಣ್ಣಿಗೋಸ್ಕರ ಒಂದು ಕಲ್ಯಾಣ ಮುರೀತೀಯಲ್ಲ ಅಕ್ಕಾ,” ಎಂದರು ರಾಮರ್. ಅಂದು ಇಡೀ ಗಂಡಸರ ಸಾಲು ನಕ್ಕಿತು. ಇಂದುಜಾ ಕೂಡ ನಕ್ಕಳು. ಹುಣ್ಣು ಇದ್ದಲ್ಲೇ ಇತ್ತು.

ಸಂಜೆ ಮನೆಗೆ ಹೋದಾಗ ಅತ್ತೆ ಮುತ್ತುಸೆಲ್ವಿ ಹಿತ್ತಲ ಬಾಗಿಲಲ್ಲಿ ಕೂತು ಸಾಂಬಾರು ಈರುಳ್ಳಿ ಸುಲಿಯುತ್ತಿದ್ದರು. ಇಂದುಜಾ ಎದುರು ಕೂತು ತಾನೂ ಒಂದು ಹಿಡಿ ತೆಗೆದುಕೊಂಡಳು. ಅತ್ತೆಯ ಮಾವ, ಅಂದರೆ ಗೋಕುಲ್‌ನ ಅಜ್ಜ, ಪಾರ್ಶ್ವವಾಯು ಹೊಡೆದು ಬಹಳ ದಿನ ಮಲಗಿದ್ದರೆಂದು ಕೇಳಿದ್ದಳು.

“ಅವರನ್ನ ಆರು ನೋಡ್ಕಂಡಿದ್ದು ಅತ್ತೆ?”

“ಆರು ಅಂದ್ರೆ? ನಾನೇ. ಅತ್ತೆ ಮೊದಲೇ ಓಗಿದ್ರು, ಗಂಡಸರು ಹೊಲದಾಗೆ.”

“ಅವರು ಬ್ಯಾಡ ಅನ್ನಲಿಲ್ವಾ? ಸೊಸೆ ಮುಟ್ಟಬಾರದು ಅಂತ?”

ಮುತ್ತುಸೆಲ್ವಿ ಈರುಳ್ಳಿ ಸಿಪ್ಪೆಯನ್ನು ಊದಿದರು. “ಮುಟ್ಟಬಾರದು ಅಂತ ಹೇಳೋಕೆ ಒಂದು ಬಗೆ ಇದ್ದಂಗೆ, ಮುಟ್ಟಲೇಬೇಕಾದ್ರೆ ಮುಟ್ಟೋಕೂ ಒಂದು ಬಗೆ ಐತೆ. ಮುಂದಿನಿಂದ ಓದ್ರೆ ತಪ್ಪು, ಅವರೂ ಸಾಯ್ತಾರೆ, ನೀನೂ ಸಾಯ್ತೀಯ. ಮಂಚಾನ ತಿರುಗಿಸಿ ಆಕಿಸಿದೆ. ಬಾಗಿಲಿಗೆ ಬೆನ್ನು ಬರೋ ಅಂಗೆ. ತಲೆ ಮುಚ್ಚಿಕಂಡು, ಬಳೆ ಸದ್ದು ಮಾಡಿ ನಿಲ್ಲೋದು. ಅವರು ಕೆಮ್ಮಿದ್ರೆ ಒಳಗೆ. ಕೆಮ್ಮದಿದ್ರೆ ಆಮೇಲೆ ಬರೋದು. ಮಾತು ಏನಿದ್ರೂ ನಿನ್ನ ಗಂಡನ ಬಾಯಲ್ಲಿ, ಆಗ ಅವನು ಚಿಕ್ಕವನು. ಸಾಯೋವರೆಗೂ ನೋಡ್ಕಂಡೆ.”

“ಕೆಮ್ಮು ಬಂದ್ರೆ ಬರಬ್ಯಾಡ ಅಂತ ಅರ್ಥ ಅಂದ್ಕಂಡಿದ್ದೆ ನಾನು.”

“ಪೆದ್ದಿ. ನೀನು ಎದುರಿಗೆ ಓಗ್ತಿದ್ದೆ, ಅದಕ್ಕೆ ಬರಬ್ಯಾಡ ಅಂದಿದ್ದಾರೆ. ಹಿಂದಿನಿಂದ ಓಗಿ ನೋಡು.”

ಮರುದಿನ ಇಂದುಜಾ ಬೆಳಕು ಹರಿಯುವ ಮೊದಲೇ ಬಂದಳು. ಮೂಕಯ್ಯನಿಗೆ ಹೇಳಿ ಮಂಚವನ್ನು ತಿರುಗಿಸಿ, ಕಿಟಕಿಯ ಕಡೆಗೆ ಮುಖ, ಬಾಗಿಲಿಗೆ ಬೆನ್ನು ಬರುವಂತೆ ಹಾಕಿಸಿದಳು. ಕಿಟಕಿಯ ಆಚೆ ಬೇರೆಯವರ ದ್ರಾಕ್ಷಿ ಚಪ್ಪರ ಕಾಣುತ್ತಿತ್ತು. ಏಕೆ ಎಂದು ರಾಮರ್ ಕೇಳಿದರು. ತೋಟ ಕಾಣಲಿ ಎಂದರು ಮೂಕಯ್ಯ. ನರ್ಸ್ ಕೆಲಸದಲ್ಲಿ ಬಳೆ ಹಾಕುವಂತಿಲ್ಲ, ಆದ್ದರಿಂದ ಅವಳು ಟ್ರೇಯನ್ನೂ ಇಕ್ಕಳವನ್ನೂ ಹಿಡಿದಳು. ತಲೆ ಮುಚ್ಚಿಕೊಂಡು ಬಾಗಿಲಲ್ಲಿ ನಿಂತು ಸದ್ದು ಮಾಡಿದಳು.

ಕೆಮ್ಮು ಬರಲಿಲ್ಲ. ಅವಳು ನಿಂತೇ ಇದ್ದಳು. ಮತ್ತೆ ಬಡಿಯಲಿಲ್ಲ. ಸೊಸೆ ಎರಡನೆಯ ಸಲ ಬಳೆ ಆಡಿಸಿದರೆ ಅದು ಅವಸರ ಮಾಡಿದಂತೆ ಎಂದು ಅತ್ತೆ ಹೇಳಿದ್ದರು. ಸಾಲಿನ ಇನ್ನೊಂದು ತುದಿಯಲ್ಲಿ ಯಾರೋ ಕಾಫಿ ಕೇಳಿದರು, ಯಾರೋ ಕೊಟ್ಟರು. ಟ್ರೇ ಹಿಡಿದ ಕೈ ನೋಯತೊಡಗಿತು. ಮೂಕಯ್ಯ ಇವಳ ಮುಖ ನೋಡಿದರು, ಅವರ ಬೆನ್ನು ನೋಡಿದರು, ಆಮೇಲೆ ಸೂರು ನೋಡಿದರು.

ರಾಮರ್ ಕೆಮ್ಮಿದರು.

ಅವಳು ಒಳಗೆ ಹೋದಳು. ಕಟ್ಟು ಬಿಚ್ಚಿ, ತೊಳೆದು, ಸತ್ತ ಅಂಚನ್ನು ನೋಡಿ, ಔಷಧಿ ಇಟ್ಟು ಕಟ್ಟಿದಳು. ಬೆನ್ನಿನ ಉದ್ದಕ್ಕೆ ದಿಂಬು ಕೊಟ್ಟು ಓರೆಯಾಗಿ ಮಲಗಿಸುವುದನ್ನು ಮೂಕಯ್ಯನಿಗೆ ತೋರಿಸಿದಳು. ರಾಮರ್ ಒಂದೇ ಒಂದು ಮಾತಾಡಿದರು, ಅದೂ ಕಿಟಕಿಗೆ: “ಚಪ್ಪರದವನು ಕಡೇ ಸಾಲು ಕತ್ತರಿಸಿಲ್ಲ. ಸೋಮಾರಿ.”

ಮೂಕಯ್ಯನಿಗೆ ಇದನ್ನು ಸಿಸ್ಟರಿಗೆ ಹೇಳಬೇಕೋ ಬೇಡವೋ ತಿಳಿಯಲಿಲ್ಲ. ಹೇಳಿದರು.

ಕಾರ್ತಿಕೇಯನ್ ವಿಷಯ ತಿಳಿದು ಹುಬ್ಬು ಗಂಟಿಕ್ಕಿದರು. ಇದೇನು, ತಲೆ ಮುಚ್ಚಿಕೊಂಡು, ಚಪ್ಪಲಿ ಬಿಟ್ಟು, ಮಧ್ಯೆ ದುಭಾಷಿ ಇಟ್ಟುಕೊಂಡು ನರ್ಸಿಂಗ್? ನಾಳೆ ಬೇರೆ ಕುಟುಂಬದವರು ನೋಡಿದರೆ ಏನೆಂದುಕೊಂಡಾರು? ಒಬ್ಬೊಬ್ಬರ ಮನೆ ಕಟ್ಟಳೆ ನೋಡಿಕೊಂಡು ಕೂತರೆ ಇಪ್ಪತ್ತನಾಲ್ಕು ಜನಕ್ಕೆ ಇಪ್ಪತ್ತನಾಲ್ಕು ಬಗೆ ಮಾಡಬೇಕಾಗುತ್ತದೆ.

“ಆಮಾ ಸಾರ್, ಇಪ್ಪತ್ತನಾಲ್ಕೇ ಮಾಡಬೇಕು,” ಎಂದಳು ಇಂದುಜಾ. “ನೀವು ಮೊದಲು ಪುಣ್ಣ ನೋಡಿ. ನನ್ನ ತಲೆ ಆಮೇಲೆ ನೋಡಿ.”

ಅವರು ಆ ವಾರ ಡಾಕ್ಟರ ಜೊತೆ ಬಂದು ನೋಡಿದರು. ಅಂಚು ಸ್ವಚ್ಛವಾಗಿತ್ತು, ಜ್ವರ ಇರಲಿಲ್ಲ. ಡಾಕ್ಟರು ತೇನಿಯ ಮಾತೆತ್ತಲಿಲ್ಲ. ಚಿತ್ತಿರೈ ತಿಂಗಳ ಬಿಸಿಲಲ್ಲಿ, ಬೆವರಿನ ನಡುವೆಯೂ ಹುಣ್ಣು ಒಳಗಿನಿಂದ ತುಂಬುತ್ತ ಬಂತು. ನಡುವೆ ಎರಡು ಸಲ ಮತ್ತೆ ಕೆಟ್ಟಿತು. ಒಮ್ಮೆ ಸ್ಕೂಟರ್ ಕೆಟ್ಟು ಇಂದುಜಾ ತಡವಾಗಿ ಬಂದ ದಿನ, ಬೇರೆ ಯಾರೂ ಮುಟ್ಟಬಾರದೆಂದು ರಾಮರ್ ಒದ್ದೆ ಕಟ್ಟಿನಲ್ಲೇ ಕಾದಿದ್ದರು. ಅವಳು ಬಾಗಿಲಲ್ಲಿ ನಿಂತು ಕೈ ಎತ್ತುವ ಮೊದಲೇ ಕೆಮ್ಮು ಕೇಳಿತು.

ಈಗ ಅಲ್ಲಿ ಉಳಿದಿರುವುದು ತೆಳು ಗುಲಾಬಿ ಬಣ್ಣದ ಒಂದು ಕಲೆ ಮಾತ್ರ. ಇಂದುಜಾಳ ಪರೀಕ್ಷೆಯ ಅವಧಿ ಮುಗಿದು ಕೆಲಸ ಗಟ್ಟಿಯಾಗಿದೆ. ಅವಳ ದಿನವೂ ಬದಲಾಗಿದೆ. ಸೂಜಿ ಚುಚ್ಚುವ ಮೊದಲು ಒಬ್ಬರಿಗೆ ಮುರುಗನ ಹೆಸರು ಹೇಳಿ ಮುಗಿಯುವವರೆಗೆ ಕಾಯಬೇಕು, ಇನ್ನೊಬ್ಬರಿಗೆ ಎಡಗೈ ಆಗದು, ಚಿನ್ನಾಳಪಟ್ಟಿಯಲ್ಲಿ ಮಗ್ಗ ನೇಯುತ್ತಿದ್ದ ಒಬ್ಬರ ಹೊದಿಕೆಯ ಅಂಚು ಮಂಚಕ್ಕೆ ಸಮನಾಗಿ ಇರಬೇಕು. ಯಾವುದೂ ಅವಳು ಓದಿದ ಪಾಠದಲ್ಲಿ ಇರಲಿಲ್ಲ.

ಕಳೆದ ವಾರ ‘ಕೂಡು’ವಿಗೆ ಹೊಸ ಗಂಡು ನರ್ಸ್ ಬಂದಿದ್ದಾನೆ. ಹೆಸರು ರಾಜ್‌ಕುಮಾರ್, ಊರು ರಾಮನಾಡಿನ ಕಡೆ, ಯಾರ ನಂಟನೂ ಅಲ್ಲ. ಕಾರ್ತಿಕೇಯನ್ ಸಮಾಧಾನದಿಂದ ಕೊನೆಯ ಕೋಣೆಗೆ ಬಂದು ವಿಷಯ ತಿಳಿಸಿದರು. ಇನ್ನು ಮೇಲೆ ಐಯಾ ಸಂಕೋಚಪಡಬೇಕಾಗಿಲ್ಲ, ಗಂಡಸರನ್ನು ಗಂಡಸೇ ನೋಡಿಕೊಳ್ಳುತ್ತಾನೆ. ಇಂದುಜಾ ಟ್ರೇ ಹಿಡಿದು ಬಾಗಿಲ ಆಚೆ ನಿಂತಿದ್ದಳು. ಇದೇ ತಾನೇ ಅವರು ಮೊದಲಿಂದ ಕೇಳಿದ್ದು ಎಂದುಕೊಂಡು, ತಲೆಯ ಮೇಲಿನ ಪಿನ್ನಿಗೆ ಕೈ ಹಾಕಿದಳು.

ರಾಮರ್ ಕಿಟಕಿಯಿಂದ ಮುಖ ತಿರುಗಿಸಲಿಲ್ಲ. “ಮೂಕಯ್ಯಾ,” ಎಂದರು. “ಮ್ಯಾನೇಜರಿಗೆ ಏಳು. ಆ ತಮ್ಮಯ್ಯ ಉಳಿದೋರ ನೋಡ್ಕಳ್ಲಿ. ನಮ್ಮ ಮನೇದನ್ನ ನಮ್ಮ ಮನೆಯೋರು ನೋಡ್ಕತ್ತಾರೆ.”

ಮೂ‌ಕಯ್ಯ ಅದನ್ನು ತಮಿಳಿಗೆ ತಿರುಗಿಸಿ ಹೇಳಿದರು. ಕಾರ್ತಿಕೇಯನ್ ಹೊರಗೆ ಹೋದರು. ಆ ಶುಕ್ರವಾರ ಪಾಂಡಿಯರಾಜನ್ ಬಂದಾಗ ಅಪ್ಪ ಒಂದು ವಿಷಯ ಕೇಳಿದರಂತೆ: ಮನೆಯಲ್ಲಿ ದೊಡ್ಡ ಸೊಸೆ ಹೇಗಿದ್ದಾಳೆ, ಒಂದು ದಿನ ಕರೆದುಕೊಂಡು ಬಾ, ಬಾಗಿಲ ಕಡೆ ಕುರ್ಚಿ ಹಾಕಿಸೋಣ ಎಂದು.

ಹೊಸ ಹುಡುಗನಿಗೆ ಈಗ ಇಂದುಜಾ ಕೆಲಸ ಕಲಿಸುತ್ತಿದ್ದಾಳೆ. ಅವನೂ ಆಸ್ಪತ್ರೆಯಿಂದ ಬಂದವನು, ಬೆಳಗಿನ ಕೆಲಸವನ್ನು ಭರದಲ್ಲಿ ಮುಗಿಸಿ ಮುಂದೇನು ಎಂದು ಕೇಳುತ್ತಾನೆ. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದರಲ್ಲಿ ಏನಿದೆ ಎಂಬುದು ಅವನಿಗೆ ಇನ್ನೂ ಅಷ್ಟಾಗಿ ತಿಳಿದಿಲ್ಲ.

ಮುಂದಿನ ಆಸೆ ಏನು ಎಂದು ಕೇಳಿದರೆ, ಮೇಲೆ ಓದಬೇಕೆಂದೋ, ದೊಡ್ಡ ಆಸ್ಪತ್ರೆಗೆ ಹೋಗಬೇಕೆಂದೋ ಇಂದುಜಾ ಹೇಳುವುದಿಲ್ಲ.

“ಬಂದ ಪುಣ್ಣ ಮಾಗಿಸಿದ್ರೆ ಎಲ್ಲಾರೂ ಕೈ ಮುಗೀತಾರೆ, ಡಾಕ್ಟರೂ ಒಳ್ಳೆ ಮಾತು ಏಳ್ತಾರೆ,” ಎನ್ನುತ್ತಾಳೆ. “ಪುಣ್ಣು ಬಾರದಂಗೆ ನೋಡ್ಕಂಡ್ರೆ ಆರೂ ಏನೂ ಏಳಕಿಲ್ಲ. ಯಾಕಂದ್ರೆ ನೋಡಕ್ಕೆ ಅಲ್ಲಿ ಏನೂ ಇರಕಿಲ್ಲ. ಇನ್ನ ಮೇಲೆ ನನ್ನ ಆರೂ ಒಗಳಬಾರದು. ಅದೇ ನನಗೆ ಬೇಕು.”